ನಾಲೆ ಬಾ

ಕಾಲ ಎಂಬುದೇ ಇಲ್ಲ ಎಂದು ನನಗೆ ಮೊದಲು ಹೇಳಿದ ಮನುಷ್ಯ ದಿನಕ್ಕೆ ಇಪ್ಪತ್ತು ಸಲ ಕೈಗಡಿಯಾರ ನೋಡಿಕೊಳ್ಳುತ್ತಿದ್ದ. ಡಾ. ಶೇಷಗಿರಿ, ನಮ್ಮ ಸಂಶೋಧನಾ ಕೇಂದ್ರದ ನಿರ್ದೇಶಕರು. ಎತ್ತರದ ಆಳು, ಇಸ್ತ್ರಿ ಮುರಿಯದ ಅಂಗಿ, ಜೇನಿನಂಥ ಮಾತು. ಆ ಮನುಷ್ಯನ ಮೇಲೆ ನಾನು ಹೇಗೆ ಸೇಡು ತೀರಿಸಿಕೊಂಡೆ ಅಂತ ಹೇಳುತ್ತೇನೆ. ಕೇಳಿದ ಮೇಲೆ ಬೈಯುವುದಾದರೆ ಧಾರಾಳವಾಗಿ ಬೈಯಿರಿ. ಪಶ್ಚಾತ್ತಾಪಪಡು ಎಂದು ಮಾತ್ರ ಹೇಳಬೇಡಿ.

ನಾನು ಕೆಂಚಮ್ಮ. ಐಟಿಐ ಓದಿದವಳು. ಚಿತ್ರದುರ್ಗದ ಆಚೆ ಬಂಡೆ ಕೊರೆದು ಮಾಡಿದ ಸುರಂಗದಲ್ಲಿ ಹದಿನೆಂಟು ವರ್ಷದಿಂದ ಯಂತ್ರ ನಡೆಸುತ್ತಿದ್ದೇನೆ. ಯಂತ್ರಕ್ಕೆ ಕಾಗದದ ಮೇಲೆ ಮಾರುದ್ದದ ಹೆಸರಿದೆ. ನಾವೆಲ್ಲ ಕಿಂಡಿ ಎನ್ನುತ್ತೇವೆ. ಕೆಲಸಕ್ಕೆ ಸೇರಿದ ಮೊದಲ ವಾರವೇ ನಮ್ಮವ್ವ ತೀರಿಕೊಂಡಿದ್ದಳು. ಹನ್ನೊಂದು ದಿನ ಕಳೆದು ಬಂದು ಕಣ್ಣು ಊದಿಸಿಕೊಂಡು ಕೂತಿದ್ದವಳನ್ನು ಶೇಷಗಿರಿಯವರು ತಮ್ಮ ಕೋಣೆಗೆ ಕರೆಸಿದರು.

"ಕೆಂಚಮ್ಮನವರೇ, ಪೆಟ್ಟಿಗೇಲಿ ಮಡಿಸಿಟ್ಟ ಸೀರೆ ಇರುತ್ತಲ್ಲ, ಅದರ ಸೆರಗು, ಒಡಲು, ಅಂಚು ಎಲ್ಲ ಒಟ್ಟಿಗೇ ಇರುತ್ತೆ. ನಮಗೆ ಮೇಲಿನ ಮಡಿಕೆ ಮಾತ್ರ ಕಾಣುತ್ತೆ. ಅದಕ್ಕೆ 'ಈಗ' ಅಂತ ಹೆಸರಿಟ್ಟಿದ್ದೀವಿ. ಒಳಗಿನ ಮಡಿಕೆ ಸುಟ್ಟು ಹೋಗಿರಲ್ಲ, ಇರುತ್ತೆ. ಕಾಲ ಹರಿಯೋದಿಲ್ಲ. ಹರಿಯುತ್ತೆ ಅನ್ನೋದು ನಮ್ಮ ತಲೆಯ ಭ್ರಮೆ."

"ಹಂಗಾರೆ ನಮ್ಮವ್ವ ಸಾರ್?"

"ಇದ್ದಾರೆ. ಅವರು ನಕ್ಕ ಒಂದೊಂದು ಕ್ಷಣವೂ ಇದೆ. ಎಲ್ಲೂ ಹೋಗಿಲ್ಲ."

ಅಯ್ಯೋ, ಎಷ್ಟು ಅತ್ತೆ ಅಂತೀರಿ! ಖುಷಿಗೆ ಅತ್ತೆ. ಆ ಮನುಷ್ಯನ ಕಾಲಿಗೆ ಬೀಳುವುದೊಂದು ಬಾಕಿ.

ಕಿಂಡಿಯ ಕೆಲಸ ಇಷ್ಟು. ನಾವು ಬದುಕಿದ ಪ್ರತಿ ಕ್ಷಣಕ್ಕೂ ನಮ್ಮ ಮಿದುಳಿನಿಂದ ಒಂದು ಎಳೆ ಹೋಗಿರುತ್ತದೆ. ನೆನಪು ಎನ್ನುತ್ತೇವಲ್ಲ, ಅದೇ ಎಳೆ. ಕಿಂಡಿ ಆ ಎಳೆಯನ್ನು ಹಿಡಿದು ಮನುಷ್ಯನನ್ನು ಏಳು ನಿಮಿಷ ಆ ಕ್ಷಣದೊಳಕ್ಕೇ ನಡೆಸುತ್ತದೆ. ಅಲ್ಲಿ ಏನನ್ನೂ ಬದಲಾಯಿಸುವ ಹಾಗಿಲ್ಲ, ಸುಮ್ಮನೆ ಇದ್ದು ಬರಬೇಕು. ಒಬ್ಬರ ಎಳೆಯ ಗುರುತನ್ನು ಯಂತ್ರಕ್ಕೆ ಒಮ್ಮೆ ಕೊಟ್ಟರೆ ಸಾಕು, ಬೇರೆಯವರೂ ಅದರ ಮೇಲೆ ನಡೆದು ಅದೇ ಕ್ಷಣಕ್ಕೆ ಹೋಗಬಹುದು. ಹೋದವರಿಗೆ ಅದು ತಮ್ಮದೇ ನೆನಪಿನ ಹಾಗೆ ಉಳಿಯುತ್ತದೆ.

ಪರೀಕ್ಷೆಗೆ ಒಂದು ಒಳ್ಳೆಯ ಕ್ಷಣ ಬೇಕಾಗಿತ್ತು. ಇಪ್ಪತ್ತಾರು ಜನರ ಎಳೆ ತೆಗೆದು ನೋಡಿದರು. ನನ್ನದೊಂದು, ನಮ್ಮವ್ವ ನಕ್ಕ ಗಳಿಗೆಯದು, ಎಲ್ಲಕ್ಕಿಂತ ಸ್ಪಷ್ಟವಾಗಿತ್ತು. ಅದಕ್ಕೆ 'ಮಾದರಿ-ಒಂದು' ಎಂದು ಹೆಸರಿಟ್ಟರು. ಸಹಿ ಹಾಕಿ ಎಂದರು, ಹಾಕಿದೆ. ನಮ್ಮವ್ವನನ್ನು ದೊಡ್ಡ ದೊಡ್ಡವರೆಲ್ಲ ನೋಡುತ್ತಾರಲ್ಲ ಎಂಬ ಹೆಮ್ಮೆ ಬೇರೆ. ಬಂದರಪ್ಪ, ಮಂತ್ರಿಗಳು ಬಂದರು, ಹೊರದೇಶದ ಪಂಡಿತರು ಬಂದರು, ಅವರ ಹೆಂಡಿರು ಬಂದರು. ಒಬ್ಬೊಬ್ಬರೂ ಏಳು ನಿಮಿಷ ಕೂತು, ಕಣ್ಣೊರೆಸಿಕೊಂಡು, ಸಂದರ್ಶಕರ ಪುಸ್ತಕದಲ್ಲಿ ನಾಲ್ಕು ಸಾಲು ಬರೆದು, ಬೋಂಡಾ ತಿಂದು ಹೋದರು.

ಇನ್ನು ಮನೆಯ ಮಾತು. ನನ್ನ ಗಂಡ ತಿಪ್ಪೇಶ ಕರೆಂಟ್ ಕಂಬ ಹತ್ತುವ ಲೈನ್‌ಮನ್. ಊರಿನ ದೀಪವೆಲ್ಲ ಸರಿಮಾಡಿ ಬರುತ್ತಾನೆ, ಮನೆಯ ಮಿಕ್ಸಿ ಮಾತ್ರ ಕೆಟ್ಟೇ ಇರುತ್ತದೆ. ನಾನು ಮಿಕ್ಸಿ ಅಂದಾಗಲೆಲ್ಲ ಅವನು "ನಾಲೆ ಬಾ" ಅನ್ನುವನು. ನಾಳೆ ಅಲ್ಲ, ನಾಲೆ. ನನಗೆ ನಗು ಉಕ್ಕಿಬಿಡುತ್ತಿತ್ತಂತೆ, ಹಿಟ್ಟಿನ ಕೈಯಲ್ಲೇ ಅವನ ಬೆನ್ನಿಗೆ ಗುದ್ದುತ್ತಿದ್ದೆನಂತೆ. 'ಅಂತೆ' ಎನ್ನುತ್ತಿದ್ದೇನೆ, ಗಮನಿಸಿ. ಹೀಗೆ ನಕ್ಕಿದ್ದೆ ಎಂಬುದನ್ನು ಅವನು ಹೇಳಿದ ಮೇಲೆ ತಿಳಿದುಕೊಂಡಿದ್ದೇನೆ.

ಒಂದು ಬೆಳಗ್ಗೆ ಮುದ್ದೆ ತಿರುವುತ್ತಿದ್ದೆ. ಅವನು ಬೂಟು ಹಾಕಿಕೊಳ್ಳುತ್ತ ಎಂದಿನಂತೆ "ಮಿಕ್ಸಿನಾ? ನಾಲೆ ಬಾ" ಎಂದ.

"ಯಾವ ನಾಲೆ?" ಎಂದು ಕೇಳಿದೆ.

"ಏ, ಆಟ ಆಡ್ಬೇಡ ಕಣೆ."

"ಆಟ ಯಾಕಾಡ್ಲಿ? ನಾಲೆ ಒಡೀತಾ? ಯಾವ ಊರಿಂದು?"

ತಿಪ್ಪೇಶ ಒಂದು ಬೂಟು ಕೈಯಲ್ಲಿ ಹಿಡಿದುಕೊಂಡು ನನ್ನನ್ನೇ ನೋಡಿದ. "ಕೆಂಚಿ, ನಿಮ್ಮವ್ವ ನಿನ್ ಕೈಲಿ ಬಾಗಿಲ ಮೇಲೆ ಬರ್ಸಿದ್ದು... ನೆನಪಿಲ್ವೇನೆ? ನೀನೇ ಸಾವಿರ ಸಲ ಹೇಳಿದೀಯಲ್ಲೆ ನಂಗೆ!"

ಇರಲಿಲ್ಲ. ಬಾಗಿಲೂ ಇಲ್ಲ, ಬರೆದದ್ದೂ ಇಲ್ಲ. ಅವ್ವ ನಗುತ್ತಿದ್ದಳು ಎಂಬುದು ಗೊತ್ತು, ನಗು ಹೇಗಿತ್ತು ಎಂಬುದು ಗೊತ್ತಿಲ್ಲ. ನಾಲಿಗೆಯ ತುದಿಯಲ್ಲಿದ್ದ ಹೆಸರು ಹಾರಿಹೋಗುತ್ತದಲ್ಲ, ಹಾಗೆ ಹಾರಿತ್ತು. ಮುದ್ದೆ ತಳ ಹತ್ತಿದ ವಾಸನೆ ಬರುವವರೆಗೂ ಒಲೆಯ ಮುಂದೆ ನಿಂತೇ ಇದ್ದೆ.

ಅವತ್ತೇ ಹೋಗಿ ಕೇಳಿದೆ. ಶೇಷಗಿರಿಯವರು ಮೊದಲು ಗಡಿಯಾರ ನೋಡಿಕೊಂಡರು. ಆಮೇಲೆ ಬಹಳ ಮೆತ್ತಗೆ ವಿವರಿಸಿದರು. ಎಳೆಯ ಮೇಲೆ ಸ್ವಂತದವರು ನಡೆದರೆ ಅದು ಗಟ್ಟಿಯಾಗುತ್ತದಂತೆ, ಬೇರೆಯವರು ನಡೆದರೆ ಕೂದಲೆಳೆಯಷ್ಟು ಸವೆಯುತ್ತದಂತೆ. ನಾನು ಮನೆಯಲ್ಲಿ ಮುದ್ದೆ ತಿರುವುತ್ತಿದ್ದರೂ ಇಲ್ಲಿ ಸವೆಯುವುದು ನನ್ನ ತಲೆಯೊಳಗಿನದೇ.

"ಹಂಗಾರೆ ಒಂದ್ಸಲ ನಂಗೇ ಕೂರಕ್ಕೆ ಬಿಡಿ ಸಾರ್. ಏಳೇ ನಿಮಿಷ. ಗಟ್ಟಿ ಮಾಡ್ಕೊಂತೀನಿ."

"ಖಂಡಿತ. ಇವತ್ತು ದೆಹಲಿಯವರು ಬಂದಿದ್ದಾರೆ. ನಾಳೆ ಬನ್ನಿ."

ನಾಳೆ ಹೋದೆ. ವಿಶ್ವವಿದ್ಯಾಲಯದವರು ಬಂದಿದ್ದರು. ನಾಳೆ ಬನ್ನಿ. ಮರುದಿನ ಯಾರೋ ಮಂತ್ರಿಯ ಅಳಿಯ. ನಾಳೆ ಬನ್ನಿ. ನಲವತ್ತೊಂದು ದಿನ ಆ ಬೆಂಚಿನ ಮೇಲೆ ಕೂತೆ. ಬಂದವರನ್ನೆಲ್ಲ ನನ್ನ ಕೈಯಿಂದಲೇ ಕಿಂಡಿಗೆ ಕೂರಿಸಿದೆ, ಗುಂಡಿ ಒತ್ತಿದ್ದೂ ನಾನೇ. ನನ್ನ ಅವ್ವನ ನಗುವನ್ನು ನಾನೇ ಬಡಿಸಿದೆ ಅಂದರೂ ತಪ್ಪಿಲ್ಲ. ನಲವತ್ತೆರಡನೇ ದಿನ ನನಗೆ ಸರದಿ ಸಿಕ್ಕಿತು. ಕೂತೆ. ಏಳು ನಿಮಿಷವೂ ಬರೀ ಬಿಳಿ. ಸುಣ್ಣ ಬಳಿದ ಗೋಡೆಯ ಮುಂದೆ ಮುಖವಿಟ್ಟಂತೆ.

ಹೊರಗೆ ಬಂದು ಶೇಷಗಿರಿಯವರ ಮುಖ ನೋಡಿದೆ. ಅವರು ನನ್ನ ಭುಜ ತಟ್ಟಿದರು.

"ಕ್ಷಣ ಎಲ್ಲೂ ಹೋಗಿಲ್ಲ ಕೆಂಚಮ್ಮನವರೇ. ಅದು ಇದೆ. ನಿಮಗೆ ನೆನಪಿಲ್ಲದಿದ್ದರೇನಂತೆ?"

ಈ ಮಾತನ್ನು ನಾನು ಜೋಪಾನ ಮಾಡಿಟ್ಟುಕೊಂಡೆ.

ಆಮೇಲೆ ಸಂದರ್ಶಕರ ಪುಸ್ತಕ ಹುಡುಕಿ ತೆಗೆದೆ. ನಾಲ್ಕುನೂರ ಹನ್ನೆರಡು ಜನ. ನನ್ನ ಜೀವಮಾನದ ಅತ್ಯಂತ ಸುಖದ ಗಳಿಗೆಯನ್ನು ಪರಕೀಯರ ಅಕ್ಷರದಲ್ಲಿ ಓದಿ ತಿಳಿದುಕೊಂಡೆ. ನನಗೆ ಏಳು ವರ್ಷ. ಊರಲ್ಲಿ ದೆವ್ವದ ಗುಲ್ಲೆದ್ದಿದೆ. ದೆವ್ವ ಮನೆಯವರ ದನಿಯಲ್ಲೇ ಕೂಗಿ ಬಾಗಿಲು ಬಡಿಯುತ್ತದಂತೆ. ಬಾಗಿಲ ಮೇಲೆ 'ನಾಳೆ ಬಾ' ಎಂದು ಬರೆದರೆ ಓದಿಕೊಂಡು ಹಿಂದಕ್ಕೆ ಹೋಗುತ್ತದೆ, ಮರುದಿನವೂ ಬಂದು ಅದನ್ನೇ ಓದುತ್ತದೆ, ಮತ್ತೆ ಹೋಗುತ್ತದೆ. ಅವ್ವ ನನ್ನನ್ನು ಸೊಂಟದ ಮೇಲೆ ಎತ್ತಿಕೊಂಡಿದ್ದಾಳೆ. ನಾನು ಬೆರಳನ್ನು ಸುಣ್ಣಕ್ಕೆ ಅದ್ದಿ ಬರೆಯುತ್ತಿದ್ದೇನೆ. ಳ ಬರೆಯಲು ಬರದೆ ಲ ಬರೆದಿದ್ದೇನೆ. 'ನಾಲೆ ಬಾ'. ನಮ್ಮೂರಿಗೆ ನಾಲೆಯೂ ಇಲ್ಲ, ನೀರೂ ಇಲ್ಲ. ಅವ್ವ ನಗಲು ಶುರುಮಾಡುತ್ತಾಳೆ: "ಸರ್ಕಾರ ಕರದ್ರೆ ಬರ್ಲಿಲ್ಲ, ನನ್ ಮಗ್ಳು ಕರ್ದಾಳೆ, ಬಂದ್ರೂ ಬಂತು ನಾಲೆ!" ಸೊಂಟದ ಮೇಲಿದ್ದ ನನ್ನ ಮೈಯೂ ಆ ನಗುವಿಗೆ ಕುಲುಕುತ್ತದೆ.

ಇದೆಲ್ಲ ಅವರು ಬರೆದದ್ದು. 'ಬಾಗಿಲಿಗೆ ಹಸಿರು ಬಣ್ಣ' ಎಂದು ಒಬ್ಬ. 'ತಾಯಿಯ ನಗು ಅಮೋಘ' ಎಂದು ಇನ್ನೊಬ್ಬ. ಒಬ್ಬ ಮಹಾನುಭಾವ ಬರೆದಿದ್ದ: 'ಪರವಾಗಿಲ್ಲ. ಸ್ವಲ್ಪ ಚಿಕ್ಕದಾಯಿತು. ಚಹಾ ಚೆನ್ನಾಗಿತ್ತು.' ಅವನ ಮನೆ ಹಾಳಾಗ!

ಅದೇ ಕಪಾಟಿನಲ್ಲಿ ಶೇಷಗಿರಿಯವರ ಕಡತವೂ ಇತ್ತು. ಅದರಲ್ಲೊಂದು ನಕ್ಷೆ, ಇಳಿಯುತ್ತ ಹೋಗುವ ಗೆರೆ. ಪಕ್ಕದಲ್ಲಿ ಅವರದೇ ದುಂಡು ಅಕ್ಷರ: 'ಮಾದರಿ-ಒಂದು ಸವೆಯುತ್ತಿದೆ. ಇನ್ನು ನೂರು ನಡಿಗೆ ತಡೆದೀತು. ಮಾಲೀಕಳಿಗೆ ಈಗಲೇ ಹೇಳುವುದು ಬೇಡ.' ತಾರೀಖು ನೋಡಿದೆ. ನಾನು ಮೊದಲ ಸಲ ಅವರ ಬಾಗಿಲಿಗೆ ಹೋಗುವ ಎರಡು ತಿಂಗಳು ಮುಂಚಿನದು. ತಾವು ಸ್ವತಃ ಎಷ್ಟು ಸಲ ನಡೆದಿದ್ದಾರೆಂದೂ ಅದರಲ್ಲಿತ್ತು. ಅರವತ್ಮೂರು ಸಲ. ಬೇಸರವಾದಾಗಲೆಲ್ಲ ನಮ್ಮವ್ವನ ಸೊಂಟ ಏರುತ್ತಿದ್ದನಲ್ಲ, ಆ ಮನುಷ್ಯ!

"ಬಿಡೇ, ದೊಡ್ಡೋರ್ ಸಹವಾಸ," ಎಂದ ತಿಪ್ಪೇಶ. ಬಿಡಲಿಲ್ಲ. ಕಡತ ಹಿಡಿದು ಮೇಲಿನವರಿಗೆಲ್ಲ ಬರೆದೆ. ಸಹಿ ಹಾಕಿದ್ದೀರಲ್ಲಮ್ಮ, ಎಂದು ಉತ್ತರ ಬಂತು. ಶೇಷಗಿರಿಯವರು ಹಾರ ತುರಾಯಿಗಳೊಂದಿಗೆ ನಿವೃತ್ತರಾದರು. ನಾನು ಹಲ್ಲು ಕಚ್ಚಿಕೊಂಡು ಅಲ್ಲೇ ಉಳಿದೆ.

ಒಂಬತ್ತು ವರ್ಷ ಕಳೆಯಿತು. ಕಿಂಡಿ ಈಗ ಮರೆವಿನ ಕಾಯಿಲೆಯವರಿಗೆ ಚಿಕಿತ್ಸೆ. ರೋಗಿಯನ್ನು ಅವರದೇ ಒಂದು ಸುಖದ ಕ್ಷಣಕ್ಕೆ ನಡೆಸಿದರೆ ಆ ಎಳೆ ಗಟ್ಟಿಯಾಗಿ, ಆ ಕ್ಷಣದಲ್ಲಿ ಇದ್ದವರ ಗುರುತು ವರ್ಷಗಟ್ಟಲೆ ಉಳಿಯುತ್ತದೆ. ಎಳೆ ಪೂರ್ತಿ ಕರಗುವ ಮೊದಲು ಕೂರಿಸಬೇಕು, ಅಷ್ಟೇ. ಯಾರನ್ನು ಯಾವತ್ತು ಕೂರಿಸಬೇಕೆಂಬ ಸರದಿ ಪಟ್ಟಿ ನನ್ನ ಕೈಯಲ್ಲಿ.

ಮೊನ್ನೆ ಬೇಸಿಗೆಯಲ್ಲಿ ಒಬ್ಬ ಹೆಂಗಸು ಒಬ್ಬ ಮುದುಕನ ಕೈ ಹಿಡಿದು ನಡೆಸಿಕೊಂಡು ಬಂದರು. ಮುದುಕನ ಅಂಗಿಯ ಗುಂಡಿಗಳು ಒಂದೊಂದು ಮನೆ ತಪ್ಪಿದ್ದವು. ಬರಿ ಮಣಿಕಟ್ಟನ್ನು ಎತ್ತಿ ಎತ್ತಿ ನೋಡಿಕೊಳ್ಳುತ್ತಿದ್ದ. ಆ ಚಾಳಿಯಿಂದ ಗುರುತು ಹಿಡಿದೆ.

"ನಾನು ಚೂಡಾಮಣಿ, ಇವರ ಹೆಂಡತಿ," ಎಂದರು ಆಕೆ. "ದಿನದಿನಕ್ಕೂ ನನ್ನ ಮರೀತಿದ್ದಾರಮ್ಮ. ಮದುವೆಯಾದ ಹೊಸದರಲ್ಲಿ ಇವರು ನನಗೆ ಸ್ಕೂಟರ್ ಕಲಿಸಿದ್ರು. ಹಿಂದೆ ಓಡ್ತಾ ಬರ್ತಿದ್ರು, ನಾನು ಹೋಗಿ ಜೋಳದ ಮೇವಿನ ಬಣವೆಗೆ ನುಗ್ಗಿಸಿದೆ. ಇಬ್ಬರೂ ಮೇವಲ್ಲಿ ಬಿದ್ದು ನಕ್ಕಿದ್ದೇ ನಕ್ಕಿದ್ದು. ಅದೊಂದು ಗಟ್ಟಿ ಮಾಡಿಕೊಡಿ. ನನ್ನ ಗುರುತು ಉಳಿಯುತ್ತೆ."

ಶೇಷಗಿರಿಯವರನ್ನು ಕೂರಿಸಿ ಎಳೆ ನೋಡಿದೆ. ತೆಳ್ಳಗಾಗಿತ್ತು, ಆದರೂ ಎಂಟು ಹತ್ತು ದಿನ ತಡೆಯುವಂತಿತ್ತು. ಅವತ್ತು ಮಧ್ಯಾಹ್ನ ಕಿಂಡಿ ಖಾಲಿಯಿತ್ತು, ಸುಳ್ಳು ಯಾಕೆ ಹೇಳಲಿ. ನಾನು ಗೋಡೆಯ ಗಡಿಯಾರ ನೋಡಿದೆ.

"ನಾಳೆ ಬನ್ನಿ," ಎಂದೆ.

ಆಹಾ! ಆ ಎರಡು ಮಾತು ಬಾಯಿಂದ ಹೊರಟಾಗ ಒಂಬತ್ತು ವರ್ಷದ ಹೊಟ್ಟೆಯುರಿಗೆ ತಣ್ಣೀರು ಬಿದ್ದಂತಾಯಿತು. ಮರುದಿನ ಬಂದರು. ನಾಳೆ ಬನ್ನಿ. ಅದರ ಮರುದಿನವೂ ಬಂದರು. ಅವರಿಗೆ ನಿನ್ನೆ ಬಂದದ್ದು ನೆನಪಿರುತ್ತಿರಲಿಲ್ಲ. ದಿನವೂ ಹೊಸದಾಗಿ ನಮಸ್ಕಾರ ಮಾಡುತ್ತಿದ್ದರು, ದಿನವೂ ಹೊಸದಾಗಿ ಹಿಂದಿರುಗುತ್ತಿದ್ದರು, ಬಾಗಿಲ ಮೇಲಿನ ಬರಹ ಓದಿಕೊಂಡು ಹೋಗುವ ದೆವ್ವದ ಹಾಗೆ. ಚೂಡಾಮಣಿಯವರು ಮಾತ್ರ ಎಲ್ಲ ನೆನಪಿಟ್ಟುಕೊಂಡು ಬೆಂಚಿನ ಮೇಲೆ ಕೂರುತ್ತಿದ್ದರು, ತೊಡೆಯ ಮೇಲೆ ಮೊಸರನ್ನದ ಡಬ್ಬಿ ಇಟ್ಟುಕೊಂಡು. ಆಕೆಯ ಮೇಲೆ ನನಗೆ ಕೋಪವಿರಲಿಲ್ಲ. ಆದರೂ ಅಂದೆ, ನಾಳೆ ಬನ್ನಿ.

ಒಂಬತ್ತನೇ ದಿನ ಆಕೆ ಡಬ್ಬಿ ಬಿಚ್ಚುತ್ತ ಸುಮ್ಮನೆ ಒಂದು ಮಾತು ಹೇಳಿದರು.

"ವಿಚಿತ್ರ ನೋಡಿ ಕೆಂಚಮ್ಮ. ಇವರು ಹುಟ್ಟಿದಾಗಿನಿಂದ ಅವರ ತಾಯೀನ ಅಮ್ಮ ಅಂತಲೇ ಕರೀತಿದ್ದೋರು. ಈಗ ಕೂತರೂ ನಿಂತರೂ 'ಅವ್ವ, ಅವ್ವ' ಅಂತಾರೆ. ನಮ್ಮ ಮನೇಲಿ ಯಾರೂ ಹಾಗೆ ಕರೆಯೋರಿಲ್ಲ."

ನನ್ನ ಕೈಯಲ್ಲಿದ್ದ ಪಟ್ಟಿ ಕೆಳಗೆ ಬಿತ್ತು. ಮುದುಕನ ಮುಂದೆ ಮಂಡಿಯೂರಿ ಕೂತೆ.

"ಸಾರ್, ನಿಮ್ಮವ್ವ ಏನ್ ಮಾಡ್ತಾಳೆ?"

ಅವರ ಮುಖ ಅರಳಿತು. "ನಗ್ತಾಳೆ. ನಮ್ಮವ್ವ ನಗ್ತಾಳೆ. ನಾನು ತಪ್ಪು ಬರೆದೆ, ಅದಕ್ಕೆ. ಸೊಂಟದ ಮೇಲೆ ಎತ್ಕೊಂಡಿದಾಳೆ ನನ್ನ." ಕೈಬೆರಳಿನಿಂದ ಗಾಳಿಯಲ್ಲಿ ಬರೆದು ತೋರಿಸಿದರು. ಲ ಬರೆದರು.

ಕಳ್ಳ! ಎಲ್ಲ ಮರೆತಿದ್ದಾನೆ. ಹೆಂಡತಿಯ ಹೆಸರು ಮರೆತಿದ್ದಾನೆ, ತಾನು ಕದ್ದದ್ದನ್ನೂ ಮರೆತಿದ್ದಾನೆ, ಕದ್ದ ಮಾಲನ್ನು ಮಾತ್ರ ತನ್ನದೆಂದುಕೊಂಡು ಎದೆಗೆ ಅವುಚಿಕೊಂಡಿದ್ದಾನೆ. ಕೆನ್ನೆಗೆ ಬಾರಿಸಬೇಕು ಎನ್ನಿಸಿತು. ಅದರ ಬದಲು "ಒಳಗೆ ಬನ್ನಿ ಸಾರ್" ಎಂದೆ.

ಚೂಡಾಮಣಿಯವರು ಕೈಮುಗಿದರು. ಸರದಿ ಸಿಕ್ಕಿತು ಎಂದುಕೊಂಡರು.

ಪರದೆಯ ಮೇಲೆ ಅವರ ಎಳೆಗಳನ್ನು ಹರಡಿ ನೋಡಿದೆ. ಸ್ಕೂಟರಿನ ಎಳೆ ಕಂಡೂ ಕಾಣದಷ್ಟಿತ್ತು. ಅವತ್ತು ಸಂಜೆಯವರೆಗೆ ಉಳಿದೀತು, ಹೆಚ್ಚಿಲ್ಲ. ಪಕ್ಕದಲ್ಲೇ ಇನ್ನೊಂದು, ಅರವತ್ಮೂರು ಸಲ ನಡೆದು ನಡೆದು ಗಟ್ಟಿಯಾದದ್ದು, ಮಾದರಿ-ಒಂದು. ನನ್ನ ತಲೆಯಲ್ಲಿ ಸತ್ತುಹೋದ ದಾರಿ ಈ ತಲೆಯಲ್ಲಿ ಉಳಿದಿತ್ತು. ಬೇರೆಯವರೆಲ್ಲ ಒಂದೊಂದೇ ಸಲ ನಡೆದವರು, ಅವರಲ್ಲಿ ಅದು ಎಂದೋ ಮಾಸಿರುತ್ತದೆ. ಭೂಮಿಯ ಮೇಲೆ ನಮ್ಮವ್ವನ ನಗುವಿಗೆ ಇದ್ದ ಕೊನೆಯ ದಾರಿ ಈ ಮುದುಕ. ಕಾಯಿಲೆಯ ಮಿದುಳು, ಪರರು ಒಂದು ಸಲ ನಡೆದರೂ ಸಾಕು, ಅವನ ಪಾಲಿಗೆ ಅದು ಮುಗಿಯುತ್ತದೆ.

ಪಕ್ಕದ ಕುರ್ಚಿಯಲ್ಲಿ ನಾನು ಕೂತೆ. ಗುಂಡಿ ಒತ್ತಿದೆ.

ಹಸಿರು ಬಾಗಿಲು. ಕೆಳಗೆ ಬಣ್ಣ ಸುಲಿದಿದೆ. ಬೆರಳ ತುದಿಯಲ್ಲಿ ಸುಣ್ಣ ಚುರುಗುಟ್ಟುತ್ತಿದೆ. ಅವ್ವನ ಸೊಂಟ ಬೆಚ್ಚಗಿದೆ, ಬೆವರು ಮತ್ತು ಹರಳೆಣ್ಣೆಯ ವಾಸನೆ. ನಗು ಅವಳ ಹೊಟ್ಟೆಯಿಂದ ಹೊರಟು ನನ್ನ ಪಕ್ಕೆಗೆ ಮೊದಲು ತಾಕುತ್ತದೆ, ಆಮೇಲೆ ಕಿವಿಗೆ. ಗೊಗ್ಗರು ನಗು, ನಡುವೆ ಉಸಿರು ಸಿಕ್ಕದೆ ಒಂದು ಸಣ್ಣ ಕೀಚಲು. ಆ ಕೀಚಲನ್ನು ನಾಲ್ಕುನೂರ ಹನ್ನೆರಡು ಜನರಲ್ಲಿ ಒಬ್ಬನೂ ಬರೆದಿರಲಿಲ್ಲ! ಆಮೇಲೆ ಅವ್ವ ನನ್ನ ಬೆರಳು ಹಿಡಿದು ತಿದ್ದಲು ಹೋಗಿ, ಬಿಟ್ಟುಬಿಡುತ್ತಾಳೆ. "ಇರ್ಲಿ ಬಿಡು ಮಗಾ. ದೆವ್ವ ನಾಲೆ ಹುಡುಕ್ಕೊಂಡ್ ಹೋಗ್ಲಿ."

ಏಳು ನಿಮಿಷ. ಗಡಿಯಾರದ ಪ್ರಕಾರ ಏಳು.

ಕಣ್ಣು ಬಿಟ್ಟಾಗ ಪಕ್ಕದ ಕುರ್ಚಿಯಲ್ಲಿ ಮುದುಕ ಖಾಲಿ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ. ನನಗೆ ಬೇಕಾದದ್ದು ಸಿಕ್ಕಿತ್ತು. ಪರದೆಯ ಮೇಲೆ ಸ್ಕೂಟರಿನ ಎಳೆ ಇನ್ನೂ ಮಿನುಗುತ್ತಿತ್ತು. ಇನ್ನೊಂದು ಗುಂಡಿ, ಇನ್ನೇಳು ನಿಮಿಷ, ಅಷ್ಟೇ ಕೆಲಸ. ಸಮಯ ಮಧ್ಯಾಹ್ನ ಮೂರು ಗಂಟೆ. ಬೇರೆ ಯಾರ ಸರದಿಯೂ ಇರಲಿಲ್ಲ.

ನಾನು ಆ ಗುಂಡಿಯ ಮೇಲೆ ಬೆರಳಿಟ್ಟೆ. ಇಟ್ಟೆ ಎಂಬುದು ನಿಜ. ಆಗ ಆ ದುಂಡು ಅಕ್ಷರ ಕಣ್ಣ ಮುಂದೆ ಬಂತು. ಮಾಲೀಕಳಿಗೆ ಈಗಲೇ ಹೇಳುವುದು ಬೇಡ. ಬೆರಳು ತೆಗೆದೆ.

ಬಾಗಿಲ ಹೊರಗೆ ಚೂಡಾಮಣಿಯವರು ಎದ್ದು ನಿಂತಿದ್ದರು. "ಆಯ್ತಾ ಕೆಂಚಮ್ಮ?"

"ಇವತ್ತು ಆಗ್ಲಿಲ್ಲಮ್ಮ. ನಾಳೆ ಬನ್ನಿ."

ಆಕೆ ನನ್ನ ಮುಖವನ್ನೇ ನೋಡಿದರು. ತಿಳಿಯಿತೋ ಏನೋ. ಮೆಲ್ಲಗೆ ಕೇಳಿದರು, "ನಾಳೆ ತನಕ ಇರುತ್ತಾ ಅದು?"

"ಕ್ಷಣ ಎಲ್ಲೂ ಹೋಗಲ್ಲಮ್ಮ, ಅದು ಇರ್ತೈತೆ," ಎಂದೆ. "ಸಾರ್‌ಗೆ ನೆನಪಿಲ್ದಿದ್ರೇನಂತೆ?"

ಶೇಷಗಿರಿ ಹೇಳಿದ್ದು ನಿಜವೇ ಆಗಿದ್ದರೆ ಎಲ್ಲವೂ ಇದೆ. ಮೇವಿನ ಬಣವೆಯಲ್ಲಿ ಅವರಿಬ್ಬರೂ ನಗುತ್ತಲೇ ಇದ್ದಾರೆ. ಅವ್ವನೂ ನಗುತ್ತಲೇ ಇದ್ದಾಳೆ. ಡಬ್ಬಿಯ ಮುಚ್ಚಳವನ್ನು ಮುಚ್ಚಲಾಗದೆ ಚೂಡಾಮಣಿಯವರು ಆ ಬೆಂಚಿನ ಪಕ್ಕದಲ್ಲಿ ನಿಂತದ್ದೂ ಹಾಗೆಯೇ ಇದೆ, ಅಲ್ಲಿಂದ ಅದನ್ನು ಯಾರೂ ತೆಗೆಯಲಾರರು, ನಾನೂ ತೆಗೆಯಲಾರೆ. ಇದನ್ನು ಅವತ್ತೇ ಯೋಚಿಸಿದೆ. ಮನೆಗೆ ಹೋಗಿ ತಿಪ್ಪೇಶನಿಗೆ ಮಿಕ್ಸಿಯ ಮಾತೆತ್ತಿದೆ. ಅವನು ಒಂಬತ್ತು ವರ್ಷದಿಂದ ಬಿಟ್ಟೇಬಿಟ್ಟಿದ್ದ ಮಾತನ್ನು ಅಂಜಿಕೊಂಡೇ ಹೇಳಿದ. ನಾನು ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿದರು. ತಿಪ್ಪೇಶ ಅತ್ತುಬಿಟ್ಟ.

ಮರುದಿನ ಬೆಳಗ್ಗೆ ಕಿಂಡಿಯ ಬಾಗಿಲ ಮೇಲೆ ಸೀಮೆಸುಣ್ಣದಲ್ಲಿ ಬರೆದೆ. 'ನಾಲೆ ಬಾ'.

ಹತ್ತು ಗಂಟೆಗೆ ಅವರಿಬ್ಬರೂ ಬಂದರು. ನಾನು ಒಳಗೆ, ಬಾಗಿಲ ಪಕ್ಕದ ಗಾಜಿನ ಹಿಂದೆ ನಿಂತು ನೋಡುತ್ತಿದ್ದೆ. ಚೂಡಾಮಣಿಯವರು ಕೈ ಹಿಡಿಯಲು ಹೋದರೆ ಮುದುಕ ಕೊಸರಿಕೊಂಡ. "ಯಾರಮ್ಮ ನೀವು? ಬಿಡಿ," ಎಂದ. ಆಮೇಲೆ ಬಾಗಿಲ ಮುಂದೆ ನಿಂತು ಮಗ್ಗಿ ಒಪ್ಪಿಸುವವನಂತೆ ಓದಿದ. "ನಾಲೆ ಬಾ. ತಪ್ಪು. ಳ ಆಗಬೇಕು." ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಒಳಗೆ ನನಗೆ ತಡೆಯಲಾಗಲಿಲ್ಲ. ನಕ್ಕೆ. ಹೊಟ್ಟೆಯಿಂದ ಬಂತು, ನಡುವೆ ಕೀಚಲೂ ಬಂತು, ಥೇಟ್ ಅವ್ವನದೇ.

ಮುದುಕ ಬಾಗಿಲಿಗೆ ಕಿವಿ ಇಟ್ಟ. ಗೊತ್ತಿದ್ದದ್ದೇನೋ ಕಳೆದುಹೋಯಿತು ಎನ್ನುವ ಹಾಗೆ ಅವನ ತುಟಿ ನಡುಗಿತು.

"ಯಾರದು ಒಳಗೆ ನಗ್ತಿರೋದು?" ಎಂದು ಕೇಳಿದ. "ಎಷ್ಟು ಚೆನ್ನಾಗಿ ನಗ್ತಾರೆ. ಯಾರಮ್ಮ ಅದು?"

"ನಾಳೆ ಬನ್ನಿ ಸಾರ್," ಎಂದೆ. "ಹೇಳ್ತೀನಿ."